ಮನೆ ಕೋರ್ಸಿನಲ್ಲಿ 84, ಪಂದ್ಯದಲ್ಲಿ 101: ಕಷ್ಟದ ಗಾಲ್ಫ್ ಕೋರ್ಸಿಗೆ ತಯಾರಾಗುವುದು ಹೇಗೆ?

ಸಿರುಗುಪ್ಪದವಳು:

ಎಲ್ಲರಿಗೂ ನಮಸ್ಕಾರ. ನಮ್ಮ ಊರು ಸಿರುಗುಪ್ಪ. ಬೆಂಗಳೂರಿನಲ್ಲಿ ಬಿಕಾಂ ಕೊನೇ ವರ್ಷ ಓದುತ್ತಿದ್ದೇನೆ. ಪರೀಕ್ಷೆಗೆ ಓದುವ ರಜೆ ಅಂತ ಈಗ ಮನೆಗೆ ಬಂದಿದ್ದೇನೆ. ಇಲ್ಲಿ ಗಾಲ್ಫ್ ಬಗ್ಗೆ ಮಾತಾಡೋಕೆ ಯಾರೂ ಇಲ್ಲ. ಅಪ್ಪನಿಗೆ ಹೇಳಿದರೆ "ಬಿಡವ್ವ, ಮುಂದಿನ ಸಲ ಚೆನ್ನಾಗಿ ಆಡೀಯಂತೆ" ಅಂತಾರೆ. ಅವರ ಮಾತು ಪ್ರೀತಿಯದ್ದೇ, ಆದರೆ ನನಗೆ ಉತ್ತರ ಬೇಕು.

ಹೈಸ್ಕೂಲು, ಪಿಯುಸಿಯಲ್ಲಿ ನಾನು ಹಾಕಿ ಆಡುತ್ತಿದ್ದೆ. ಡಿಗ್ರಿಗೆ ಸೇರಿದ ಮೇಲೆ ಒಂದು ದಿನ ನಮ್ಮ ಪಿಇ ಸರ್ ನಾಲ್ಕೈದು ಜನರನ್ನು ಡ್ರೈವಿಂಗ್ ರೇಂಜಿಗೆ (ಗಾಲ್ಫ್ ಚೆಂಡು ಹೊಡೆದು ಅಭ್ಯಾಸ ಮಾಡುವ ಮೈದಾನ) ಕರೆದುಕೊಂಡು ಹೋದರು. ಹಾಕಿ ಕೈ ಅಲ್ವಾ, ಚೆಂಡು ದೂರ ಹೋಯಿತು. ಅವತ್ತಿನಿಂದ ಹಿಡಿದ ಹುಚ್ಚು ಇದು. ಎರಡೂವರೆ ವರ್ಷದಲ್ಲಿ ನಾವು ಅಭ್ಯಾಸ ಮಾಡುವ ಕೋರ್ಸಿನಲ್ಲಿ 84ಕ್ಕೆ ಬಂದೆ. ಪಾರ್, ಅಂದರೆ ಚೆನ್ನಾಗಿ ಆಡುವವರು 18 ಹೋಲ್ (ಗುಳಿ) ಮುಗಿಸೋಕೆ ಇಟ್ಟಿರುವ ಹೊಡೆತದ ಲೆಕ್ಕ, 72. ಹೊಡೆತ ಕಮ್ಮಿ ಆದಷ್ಟೂ ಒಳ್ಳೆಯದು.

ಹೋದ ತಿಂಗಳು ಕಾಲೇಜು ತಂಡದ ಪಂದ್ಯ ಬೇರೆ ಕೋರ್ಸಿನಲ್ಲಿ ಇತ್ತು. ನಾಲ್ಕು ಜನರ ತಂಡ, ಒಳ್ಳೆಯ ಮೂರು ಸ್ಕೋರ್ ಲೆಕ್ಕಕ್ಕೆ. ನಮ್ಮಲ್ಲಿ ಒಬ್ಬಳಿಗೆ ಜ್ವರ ಬಂತು. ಹಾಗಾಗಿ ನನ್ನ ಸ್ಕೋರ್ ಹೇಗಿದ್ದರೂ ಸೇರಲೇಬೇಕಿತ್ತು. ನಾನು ಹೊಡೆದದ್ದು 101. ಉಳಿದಿಬ್ಬರು ಚೆನ್ನಾಗಿ ಆಡಿದ್ದರು. ಬಸ್ಸಿನಲ್ಲಿ ವಾಪಸ್ ಬರುವಾಗ ಯಾರೂ ನನಗೆ ಏನೂ ಅನ್ನಲಿಲ್ಲ. ಅದೇ ಜಾಸ್ತಿ ನೋವಾಯಿತು.

ಆ ಕೋರ್ಸ್ ನಮ್ಮದರ ಹಾಗಲ್ಲ. ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ದಾರಿ) ಸಣ್ಣದು, ಎರಡೂ ಕಡೆ ಮರ. ರಫ್‌ನಲ್ಲಿ (ಪಕ್ಕದ ಎತ್ತರದ ಹುಲ್ಲಿನಲ್ಲಿ) ಚೆಂಡು ಬಿದ್ದರೆ ಮೇಲೆ ನಿಂತು ನೋಡಿದರೂ ಕಾಣಲ್ಲ. ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಪಟ್ ಮಾಡಿದರೆ, ಅಂದರೆ ಚೆಂಡನ್ನು ಮೆಲ್ಲಗೆ ಉರುಳಿಸಿದರೆ, ಶಾಬಾದಿ ಕಲ್ಲಿನ ನೆಲದ ಮೇಲೆ ಗೋಲಿ ಬಿಟ್ಟ ಹಾಗೆ ಓಡುತ್ತೆ. ಕ್ಯಾಡಿ ಇಟ್ಟುಕೊಳ್ಳುವ ಹಾಗಿರಲಿಲ್ಲ, ಚೀಲ ನಾವೇ ಹೊರಬೇಕು.

ಮೂರು ಹೋಲ್‌ಗಳಲ್ಲಿ ಮುಳುಗಿದೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

4ನೇ ಹೋಲ್, ಪಾರ್ 4, ಬಲಕ್ಕೆ ತಿರುಗುತ್ತೆ. ಮೊದಲ ಹೊಡೆತ ಮರಗಳ ಒಳಗೆ. ಎರಡು ಮರದ ನಡುವೆ ಒಂದು ಸಂದಿ ಕಾಣಿಸಿತು, ಅದರ ಆಚೆ ಗ್ರೀನ್. ಹೊಡೆದೆ, ಕಾಂಡಕ್ಕೆ ಬಡಿಯಿತು. ಇನ್ನೊಂದು ಸಲ, ಮತ್ತೆ ಮರದೊಳಗೇ. ನಾಲ್ಕನೆಯದಕ್ಕೆ ಹೊರಗೆ ಬಂದೆ. ಐದನೆಯದು ಬಂಕರ್ (ಮರಳು ಗುಂಡಿ), ಆರನೆಯದೂ ಬಂಕರಿನಲ್ಲೇ. ಏಳಕ್ಕೆ ಗ್ರೀನ್, ಎರಡು ಪಟ್. ಒಟ್ಟು 9.

11ನೇ ಹೋಲ್, ಪಾರ್ 3, ಗ್ರೀನ್ ಮುಂದೆ ನೀರು. ಪಿನ್ನಿಗೆ (ಗುಳಿಯಲ್ಲಿ ನಿಲ್ಲಿಸಿದ ಬಾವುಟದ ಕೋಲು) 132 ಗಜ. ನನ್ನ 7 ಐರನ್ ಕ್ಲಬ್ (ಐರನ್ ನಂಬರ್ ಕಮ್ಮಿ ಆದಷ್ಟೂ ಚೆಂಡು ದೂರ) ಸರಿಯಾಗಿ ತಗುಲಿದರೆ 135 ಹೋಗುತ್ತೆ. ನೀರಿಗೆ ಬಿತ್ತು. ಡ್ರಾಪ್ ಜಾಗದಿಂದ (ಒಂದು ದಂಡದ ಹೊಡೆತ ಸೇರಿಸಿ, ಕೈಯಿಂದ ಚೆಂಡು ಬೀಳಿಸಿ ಆಡುವ ಜಾಗ) 60 ಗಜ ಇತ್ತು, ಅದೂ ನೀರಿಗೆ. ಒಟ್ಟು 7.

16ನೇ ಹೋಲ್, ಪಾರ್ 5. ಡ್ರೈವರ್ (ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್) ಹೊಡೆತ ಎಡಕ್ಕೆ ಹೋಗಿ ಬಿಳಿ ಗೂಟದ ಆಚೆ, ಅಂದರೆ ಕೋರ್ಸಿನ ಗಡಿ ಆಚೆ. ಒಂದು ದಂಡ ಸೇರಿ, ಮತ್ತೆ ಟೀ (ಹೋಲ್ ಶುರುವಾಗುವ ಜಾಗ) ಮೇಲಿಂದ ಮೂರನೇ ಹೊಡೆತ. ಆಮೇಲೆ ರಫ್‌ನಲ್ಲಿ ಎರಡು ಸಲ ಸಿಕ್ಕಿಕೊಂಡೆ. ಏಳಕ್ಕೆ ಗ್ರೀನ್. ಮೂರು ಪಟ್. ಒಟ್ಟು 10.

ಫೆಬ್ರವರಿಯಲ್ಲಿ ಅದೇ ಕೋರ್ಸಿನಲ್ಲಿ ಇನ್ನೊಂದು ಪಂದ್ಯ ಇದೆ, ನನ್ನ ಕೊನೆಯ ಕಾಲೇಜು ಪಂದ್ಯ. ಕಷ್ಟದ ಕೋರ್ಸ್ ಅಂದರೆ ನಿಜವಾಗಿ ಏನು ಕೇಳುತ್ತೆ? ಇನ್ನೂ ದೂರ ಹೊಡೆಯೋದನ್ನ ಕಲಿಯಬೇಕಾ? ಇಲ್ಲಿ ಸಿರುಗುಪ್ಪದಲ್ಲಿ ಕೂತು ಏನಾದರೂ ಮಾಡಬಹುದಾ? ನನ್ನ ಹತ್ತಿರ ಚೀಲ ಇದೆ, ನಲವತ್ತು ಹಳೇ ಚೆಂಡಿವೆ, ಕೊಯ್ಲಾದ ಗದ್ದೆ ಇದೆ.

---

ಬಳ್ಳಾರಿ ಲೆಕ್ಕದವನು:

ನಮಸ್ಕಾರ ಮೇಡಂ. ಮೈಸೂರಿನಲ್ಲಿ ಕೆಲಸದಲ್ಲಿದ್ದಾಗ ಆರು ವರ್ಷ ಆಡಿದವನು ನಾನು. ಮೊದಲು ಒಂದು ಲೆಕ್ಕ ಹೇಳುತ್ತೇನೆ, ಯಾಕೆಂದರೆ ನೀವು ನಿಮಗೆ ಬೇಕಾದ್ದಕ್ಕಿಂತ ಜಾಸ್ತಿ ಶಿಕ್ಷೆ ಕೊಟ್ಟುಕೊಳ್ಳುತ್ತಿದ್ದೀರಿ.

ಪ್ರತಿ ಕೋರ್ಸಿಗೂ ಎರಡು ಸಂಖ್ಯೆ ಇರುತ್ತವೆ, ಸ್ಕೋರ್ ಕಾರ್ಡ್ ಮೇಲೆ ನೋಡಿ. ಕೋರ್ಸ್ ರೇಟಿಂಗ್ ಅಂದರೆ ಸ್ಕ್ರ್ಯಾಚ್ ಆಟಗಾರರು (ಪಾರ್ ಹತ್ತಿರ ಆಡುವ ಪಳಗಿದವರು) ಅಲ್ಲಿ ಎಷ್ಟು ಹೊಡೆಯುತ್ತಾರೆ ಅನ್ನೋದು. ಸ್ಲೋಪ್ ರೇಟಿಂಗ್ ಅಂದರೆ ಅವರಿಗೆ ಹೋಲಿಸಿದರೆ ನಮ್ಮಂಥ ಬೋಗಿ ಆಟಗಾರರಿಗೆ (ಬೋಗಿ ಅಂದರೆ ಒಂದು ಹೋಲಿನಲ್ಲಿ ಪಾರ್‌ಗಿಂತ ಒಂದು ಹೊಡೆತ ಜಾಸ್ತಿ) ಆ ಕೋರ್ಸ್ ಎಷ್ಟು ಜಾಸ್ತಿ ಕಷ್ಟ ಅನ್ನೋದು. ಸ್ಲೋಪ್ 55ರಿಂದ 155ರವರೆಗೆ ಇರಬಹುದು. 113 ಅನ್ನೋದು ಸಾಧಾರಣ ಅಂತ ಇಟ್ಟಿರುವ ಸಂಖ್ಯೆ. ಮಹಿಳೆಯರ ಟೀಗಳಿಗೆ ಬೇರೆಯೇ ರೇಟಿಂಗ್ ಇರುತ್ತೆ, ಅದನ್ನೇ ನೋಡಬೇಕು.

ನಿಮ್ಮ ಹ್ಯಾಂಡಿಕ್ಯಾಪ್ ಇಂಡೆಕ್ಸ್ (ನಿಮ್ಮ ಆಟದ ಮಟ್ಟ ಹೇಳುವ ಸಂಖ್ಯೆ) 12 ಅಂತ ಇಟ್ಟುಕೊಳ್ಳಿ. ಆ ಕೋರ್ಸಿನ ಸ್ಲೋಪ್ 138, ರೇಟಿಂಗ್ 74 ಅಂತ ಇಟ್ಟುಕೊಳ್ಳಿ. 12ನ್ನು 138ರಿಂದ ಗುಣಿಸಿ 113ರಿಂದ ಭಾಗಿಸಿದರೆ 14.65. ರೇಟಿಂಗಿಗೂ ಪಾರ್‌ಗೂ ಇರುವ ವ್ಯತ್ಯಾಸ 2. ಎರಡೂ ಸೇರಿ 17 ಹತ್ತಿರ. ಅಂದರೆ ನಿಮ್ಮ ಆಟ ಒಂಚೂರೂ ಕೆಡದೇ ಇದ್ದರೂ 84 ಅನ್ನೋದು ಅಲ್ಲಿ 89 ಆಗುತ್ತೆ. ಇನ್ನೊಂದು ಮಾತು. ಹ್ಯಾಂಡಿಕ್ಯಾಪ್ ತೆಗೆಯುವುದು ಕಳೆದ 20 ಕಾರ್ಡುಗಳಲ್ಲಿ ಒಳ್ಳೆಯ 8ರ ಮೇಲೆ. ಅದು ನಿಮ್ಮ ಒಳ್ಳೆಯ ದಿನದ ಲೆಕ್ಕ, ಎಲ್ಲ ದಿನದ್ದಲ್ಲ.

ಹಾಗಾಗಿ 84ಕ್ಕೂ 101ಕ್ಕೂ ನಡುವಿನ 17 ಹೊಡೆತದಲ್ಲಿ ಸುಮಾರು 5 ಕೋರ್ಸಿನ ಪಾಲು. ಉಳಿದ 12 ಎಲ್ಲಿ ಹೋದವು ಅಂತ ಹುಡುಕಬೇಕು. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಒಬ್ಬರಿದ್ದಾರೆ. ಮುದಗಲ್ಲಿನ ಅಣ್ಣನವರು ನೋಡಿದರೆ ದಯವಿಟ್ಟು ಬರೆಯಿರಿ.

---

ಮುದಗಲ್ ಹಳೇ ಕ್ಯಾಡಿ:

ತಂಗಿ, ನೀನು ಬರೆದದ್ದನ್ನು ಎರಡು ಸಲ ಓದಿದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತು ಬರೆಯುತ್ತಿದ್ದೇನೆ.

ನಾನು ಲಿಂಗಸುಗೂರು ತಾಲೂಕಿನವನು. ಬರಗಾಲದಲ್ಲಿ ಗುಳೆ ಹೋಗಿ ಬೆಂಗಳೂರು ಸೇರಿದೆ. ಮೊದಲು ಗಾರೆ ಕೆಲಸ. 2003ರಲ್ಲಿ ಊರಿನವರೊಬ್ಬರು ಗಾಲ್ಫ್ ಕ್ಲಬ್ಬಿಗೆ ಕರೆದುಕೊಂಡು ಹೋದರು. 17 ವರ್ಷ ಚೀಲ ಹೊತ್ತೆ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಈಗ ಪಂಪ್‌ಸೆಟ್, ಡ್ರಿಪ್ ಪೈಪಿನ ಅಂಗಡಿ ಇಟ್ಟಿದ್ದೇನೆ. ಆದರೂ ಬೆಳಿಗ್ಗೆ ಎದ್ದ ಕೂಡಲೇ ಗಾಳಿ ಯಾವ ಕಡೆ ಅಂತ ನೋಡುವ ಚಾಳಿ ಹೋಗಿಲ್ಲ.

ಮೊದಲು ನಿನ್ನ ಕಾರ್ಡ್. 101 ಅಂದರೆ ಪಾರ್ ಮೇಲೆ 29. ಆ ಮೂರು ಹೋಲ್‌ನಲ್ಲೇ 5, 4, 5, ಅಂದರೆ 14 ಹೋಯಿತು. ಉಳಿದ 15 ಹೋಲ್‌ನಲ್ಲಿ 15. ಹೋಲಿಗೊಂದು ಬೋಗಿ. ಅಷ್ಟು ಕಷ್ಟದ ಕೋರ್ಸಿನಲ್ಲಿ, ಎರಡೂವರೆ ವರ್ಷ ಆಡಿದ ಹುಡುಗಿ, ಹೋಲಿಗೊಂದು ಬೋಗಿ! ನಾನು ನಿನ್ನ ಚೀಲ ಹೊತ್ತಿದ್ದರೆ ಖುಷಿಯಾಗಿ ಮನೆಗೆ ಹೋಗುತ್ತಿದ್ದೆ. ಆ ಮೂರು ಹೋಲ್‌ನಲ್ಲೂ ಡಬಲ್ ಬೋಗಿ (ಪಾರ್ ಮೇಲೆ 2) ಹೊಡೆದಿದ್ದರೆ 14ರ ಬದಲು 6. ಸ್ಕೋರ್ 93. ದೂರ ಹೊಡೆಯುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನಿನಗೆ ದೂರ ಸಾಕು.

ಕಷ್ಟದ ಕೋರ್ಸಿಗೂ ಸುಲಭದ ಕೋರ್ಸಿಗೂ ಇರುವ ವ್ಯತ್ಯಾಸ ಹೇಳುತ್ತೇನೆ. ತಪ್ಪು ಹೊಡೆದರೆ ಎರಡೂ ಕಡೆ ಹೋಗುವುದು ಒಂದೇ ಹೊಡೆತ. ಆದರೆ ಹೋದ ಆ ಒಂದನ್ನು ಅಲ್ಲೇ ನಿಂತು ವಾಪಸ್ ಕಿತ್ತುಕೊಳ್ಳುತ್ತೇನೆ ಅಂತ ಹೊರಟರೆ, ಸುಲಭದ ಕೋರ್ಸ್ ಎಷ್ಟೋ ಸಲ ಕೊಟ್ಟುಬಿಡುತ್ತೆ. ಕಷ್ಟದ ಕೋರ್ಸ್ ಇನ್ನೂ ಮೂರು ಕಿತ್ತುಕೊಳ್ಳುತ್ತೆ. ನೀನು ಅಭ್ಯಾಸ ಮಾಡುವ ಕಡೆ ಆ ಮರದ ಸಂದಿಯಿಂದ ನಾಲ್ಕು ಸಲ ಚೆಂಡು ದಾಟಿರಬೇಕು. ಆ ಅಭ್ಯಾಸವೇ ಇಲ್ಲಿ ಹೊಡೆಯಿತು.

ಒಂದು ವಿಷಯ ಹೇಳಬೇಕು. ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಒಬ್ಬ ಕಾಲೇಜು ಹುಡುಗನ ಚೀಲ ಹೊತ್ತಿದ್ದೆ. ತಂಡಕ್ಕೆ ಆಯ್ಕೆಯ ಆಟ ಅದು. 14ನೇ ಹೋಲ್ ತನಕ ಚೆನ್ನಾಗಿ ಆಡಿದ. ಅಲ್ಲಿ ಚೆಂಡು ನೀಲಗಿರಿ ಮರಗಳ ಒಳಗೆ ಹೋಯಿತು. ಎಡಕ್ಕೆ ಮೂವತ್ತು ಗಜ ಅಡ್ಡ ಹೊಡೆದರೆ ಫೇರ್‌ವೇ, ಬಾಗಿಲು ತೆರೆದ ಹಾಗೆ ಇತ್ತು. ಅವನು ಮುಂದೆ ನೋಡುತ್ತಾ ನನ್ನ ಕಡೆ ಕೈ ಚಾಚಿ "5 ಐರನ್" ಅಂದ. ಅದು ಆಗಲ್ಲ ಅಂತ ನನಗೆ ಗೊತ್ತಿತ್ತು. ವೆಜ್ (ಚೆಂಡನ್ನು ಹತ್ತಿರಕ್ಕೆ, ಎತ್ತರಕ್ಕೆ ಹೊಡೆಯುವ ಕ್ಲಬ್) ಮೇಲೆ ನನ್ನ ಕೈ ಇತ್ತು. ಅವರಪ್ಪ ಹಿಂದೆ ನಿಂತಿದ್ದರು. ನಾನು ಹೆದರಿ ಸುಮ್ಮನೆ 5 ಐರನ್ ಕೊಟ್ಟೆ. ಆ ಹೋಲಿಗೆ 8. ಎರಡು ಹೊಡೆತದಲ್ಲಿ ತಂಡ ತಪ್ಪಿತು. ಆ ಹುಡುಗ ನನಗೆ ಕೈ ಮುಗಿದು, ಕೊಡಬೇಕಾದ ದುಡ್ಡು ಕೊಟ್ಟು ಹೋದ. ನನ್ನ ಕೆಲಸ ಚೀಲ ಹೊರುವುದಷ್ಟೇ ಆಗಿರಲಿಲ್ಲ. "ಬೇಡ" ಅಂತ ಒಂದು ಮಾತು ಹೇಳುವುದು ನನ್ನ ಕೆಲಸ. ಅವತ್ತು ನಾನು ಅದನ್ನು ಮಾಡಲಿಲ್ಲ.

ನಿನಗೆ ಕ್ಯಾಡಿ ಇರಲಿಲ್ಲ ಅಂದೆಯಲ್ಲ. ನಿನ್ನ ಪತ್ರದಲ್ಲಿ ನನಗೆ ಕಂಡ ಮುಖ್ಯ ಮಾತು ಅದೇ. ಕಷ್ಟದ ಕೋರ್ಸಿನಲ್ಲಿ ಹೊಡೆಯುವವಳು ಒಬ್ಬಳು, ಚೀಲ ಹೊತ್ತವಳು ಇನ್ನೊಬ್ಬಳು. ಇಬ್ಬರೂ ನೀನೇ ಆಗಬೇಕು. ಅವತ್ತು ನೀನು ಹೊಡೆಯುವವಳು ಮಾತ್ರ ಆಗಿದ್ದೆ.

ಈಗ ಒಂದೊಂದೇ ನೋಡೋಣ.

4ನೇ ಹೋಲ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಎರಡನೇ ಹೊಡೆತ ಅಡ್ಡಕ್ಕೆ, ಫೇರ್‌ವೇಗೆ. ಮೂರಕ್ಕೆ ಗ್ರೀನ್ ಹತ್ತಿರ, ಹೆಚ್ಚೆಂದರೆ 6. ಆ ಬಂಕರ್ ಕೂಡ ಸುಸ್ತಾಗಿ, ಸಿಟ್ಟಿನಲ್ಲಿ ಹೊಡೆದ ಹೊಡೆತದ ಬಂಕರ್. ನೀನು ಅಲ್ಲಿಗೆ ಬರುವ ಹೊತ್ತಿಗೇ ಸೋತಿದ್ದೆ.

11ನೇ ಹೋಲ್ ನನಗೆ ಇಷ್ಟವಾದ ಹೋಲ್. ಇಲ್ಲಿ ಕಲಿಯುವುದು ಬೇಕಾದಷ್ಟಿದೆ. "7 ಐರನ್ ಸರಿಯಾಗಿ ತಗುಲಿದರೆ 135" ಅಂತ ಬರೆದೆ. ಹತ್ತು ಸಲದಲ್ಲಿ ಎಷ್ಟು ಸಲ ಸರಿಯಾಗಿ ತಗಲುತ್ತೆ, ನಿಜ ಹೇಳು? ಮೂರು ಸಲ? ಹಾಗಾದರೆ ಏಳು ಸಲ ಅದು 120, 125. ಪಿನ್ನಿಗೆ 132. ಬೆಳಗಿನ ತಂಪಿನಲ್ಲಿ ಚೆಂಡು ಇನ್ನೂ ಕಮ್ಮಿ ಹಾರುತ್ತೆ. 17 ವರ್ಷದಲ್ಲಿ ನಾನು ನೋಡಿದ ಪಾರ್ 3 ತಪ್ಪುಗಳಲ್ಲಿ ಬಹಳಷ್ಟು ಗ್ರೀನ್ ಮುಟ್ಟದೇ ಮುಂದೆ ಬಿದ್ದವೇ, ಹಿಂದೆ ದಾಟಿದವು ಅಪರೂಪ. ಪಿನ್ ಮುಂದೆ ಇಟ್ಟಿದ್ದರೆ ಆ ಕಡೆ ನೋಡಲೇಬೇಡ. ನೀರಿನ ಹತ್ತಿರ ಪಿನ್ ಇಡುವುದು ನಿನ್ನನ್ನು ಕರೆಯೋಕೆ. ಗ್ರೀನಿನ ನಡುವಿಗೆ ಎಷ್ಟು ಗಜ ಅಂತ ಕೇಳು, 142 ಇರಬಹುದು. 6 ಐರನ್ ತಗೋ, ನಿಧಾನಕ್ಕೆ ಹೊಡಿ. ಮೂವತ್ತು ಅಡಿ ಪಟ್ ಉಳಿಯಲಿ. ಎರಡು ಪಟ್ ಆದರೆ 3, ಮೂರಾದರೆ 4.

ಸರಿ, ನೀರಿಗೆ ಬಿತ್ತು ಅಂತಲೇ ಇಟ್ಟುಕೋ. ಆಮೇಲೆ ನೀನು ಡ್ರಾಪ್ ಜಾಗಕ್ಕೆ ಹೋದೆ, 60 ಗಜ. ಅದು ಅರ್ಧ ಬೀಸಿನ ಹೊಡೆತ, ಮನಸ್ಸು ಕೆಟ್ಟಾಗ ಎಲ್ಲಕ್ಕಿಂತ ಕಷ್ಟ ಅದು. ನಿಯಮದಲ್ಲಿ ಇನ್ನೊಂದು ದಾರಿ ಇದೆ. ಚೆಂಡು ನೀರಿನ ಗಡಿ ದಾಟಿದ ಜಾಗವನ್ನೂ ಪಿನ್ನನ್ನೂ ಒಂದು ಗೆರೆಯಲ್ಲಿ ಇಟ್ಟುಕೊಂಡು, ಅದೇ ಗೆರೆಯಲ್ಲಿ ಹಿಂದಕ್ಕೆ ಎಷ್ಟು ದೂರ ಬೇಕಾದರೂ ಹೋಗಿ ಮೊಣಕಾಲ ಎತ್ತರದಿಂದ ಡ್ರಾಪ್ ಮಾಡಬಹುದು. ದಂಡ ಒಂದೇ. ನಿನ್ನ ವೆಜ್ ಪೂರ್ತಿ ಬೀಸಿದರೆ ಎಷ್ಟು ಹೋಗುತ್ತೆ? 90 ಆದರೆ 90ಕ್ಕೆ ಹಿಂದೆ ನಡಿ. ಹಿಂದೆ ನಡೆಯುವ ಆ ಒಂದು ನಿಮಿಷದಲ್ಲಿ ಕೈ ನಡುಕವೂ ನಿಲ್ಲುತ್ತೆ.

16ನೇ ಹೋಲ್. ಪಾರ್ 5ಕ್ಕೆ ಡ್ರೈವರ್ ಹಿಡಿಯಲೇಬೇಕು ಅಂತ ಯಾರು ಹೇಳಿದರು? ಎಡಕ್ಕೆ ಬಿಳಿ ಗೂಟ ಇದ್ದಾಗ ಟೀ ಮೇಲಿಂದ ಹೈಬ್ರಿಡ್ (ಡ್ರೈವರ್‌ಗಿಂತ ಚಿಕ್ಕ ಕ್ಲಬ್) ಹೊಡಿ. ನಾಲ್ಕಕ್ಕೆ ಗ್ರೀನ್ ಸೇರಿದರೂ ಬೋಗಿ. ಔಟ್ ಆಫ್ ಬೌಂಡ್ಸ್ (ಗಡಿ ಆಚೆ) ಆದರೆ ಹೊಡೆದದ್ದೂ ಹೋಯಿತು, ದಂಡವೂ ಸೇರಿತು. ಇನ್ನು ಚೆಂಡು ಆಚೆ ಹೋಯಿತೋ ಇಲ್ಲವೋ ಅಂತ ಅನುಮಾನ ಇದ್ದರೆ, ಮುಂದೆ ನಡೆಯುವ ಮುಂಚೆಯೇ "ಪ್ರೊವಿಷನಲ್" ಅಂತ ಬಾಯಿಬಿಟ್ಟು ಹೇಳಿ ಇನ್ನೊಂದು ಚೆಂಡು ಹೊಡಿ, ಮೊದಲನೆಯದು ಸಿಗದಿದ್ದರೆ ಅದನ್ನೇ ಆಡಬಹುದು. ಹುಡುಕೋಕೆ ಈಗ ಇರುವುದು ಮೂರೇ ನಿಮಿಷ. 2019ಕ್ಕೆ ಮುಂಚೆ ಐದು ಇತ್ತು. ಕಳೆದು ವಾಪಸ್ ಟೀಗೆ ನಡೆದುಕೊಂಡು ಬರುವ ದಾರಿ ಇದೆಯಲ್ಲ, ಅದು ಮನಸ್ಸನ್ನು ಮುರಿಯುತ್ತೆ.

ರಫ್‌ನಲ್ಲಿ ಎರಡು ಸಲ ಸಿಕ್ಕಿಕೊಂಡೆ ಅಂದೆ. ಯಾವ ಕ್ಲಬ್ ತಗೊಂಡಿದ್ದೆ ಅಂತ ಬರೆದಿಲ್ಲ, ಆದರೆ ಉದ್ದದ್ದೇ ಇರಬೇಕು. ಎತ್ತರದ ಹುಲ್ಲು ಕ್ಲಬ್ಬಿನ ಕುತ್ತಿಗೆಗೆ ಸುತ್ತಿಕೊಳ್ಳುತ್ತೆ, ಮುಖ ಎಡಕ್ಕೆ ಮುಚ್ಚುತ್ತೆ. ಅಲ್ಲಿ 9 ಐರನ್ ಅಥವಾ ವೆಜ್. ಗಟ್ಟಿ ಹಿಡಿ, ಮೇಲಿಂದ ಕೆಳಗೆ ಹೊಡಿ, ಫೇರ್‌ವೇಗೆ ಬಂದರೆ ಸಾಕು.

ಇನ್ನು ಗ್ರೀನ್. ನಿನ್ನ ಶಾಬಾದಿ ಕಲ್ಲಿನ ಮಾತು ಓದಿ ಹಳೆಯದೆಲ್ಲ ನೆನಪಾಯಿತು. ದೊಡ್ಡ ಪಂದ್ಯದ ದಿನ ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಗ್ರೀನ್ ನೋಡಿಕೊಳ್ಳುವವರು ಮೂರು ಅಡಿ ಉದ್ದದ ಒಂದು ಅಲ್ಯೂಮಿನಿಯಂ ಪಟ್ಟಿ ತರುತ್ತಿದ್ದರು. ಸ್ಟಿಂಪ್‌ಮೀಟರ್ ಅಂತ ಹೆಸರು. ಅದರ ಮೇಲೊಂದು ಸಣ್ಣ ಗುಣಿ, ಅದರಲ್ಲಿ ಚೆಂಡಿಟ್ಟು ಪಟ್ಟಿಯನ್ನು ನಿಧಾನಕ್ಕೆ ಎತ್ತುತ್ತಾರೆ. ಒಂದು ಎತ್ತರಕ್ಕೆ ಬಂದಾಗ ಚೆಂಡು ತಾನೇ ಉರುಳುತ್ತೆ. ಸಪಾಟು ಜಾಗದಲ್ಲಿ ಈ ಕಡೆ ಮೂರು ಚೆಂಡು, ಆ ಕಡೆಯಿಂದ ಮೂರು ಚೆಂಡು, ಸರಾಸರಿ ಎಷ್ಟು ಅಡಿ ಅಂತ ಬರೆದುಕೊಳ್ಳುತ್ತಾರೆ. ದಿನನಿತ್ಯ 8 ಅಡಿ ಇದ್ದದ್ದು ಪಂದ್ಯಕ್ಕೆ 10, 11 ಮಾಡಿದರೆ ನಿನ್ನ ಕೈಗೆ ಗೊತ್ತಿರುವ ಪಟ್ ಪೂರ್ತಿ ಸುಳ್ಳಾಗುತ್ತೆ. ಆದ್ದರಿಂದ ಪಂದ್ಯದ ದಿನ ರೇಂಜಿನಲ್ಲಿ ಚೆಂಡು ಹೊಡೆಯುವುದು ಕಮ್ಮಿ ಮಾಡಿ, ಅಭ್ಯಾಸದ ಗ್ರೀನಿನಲ್ಲಿ ಇಪ್ಪತ್ತು ನಿಮಿಷ ನಿಲ್ಲು. ಹೋಲ್ ಕಡೆ ನೋಡಬೇಡ. ಸುಮ್ನೆ ಮೂವತ್ತು ಅಡಿ, ನಲವತ್ತು ಅಡಿ ಉರುಳಿಸು. ಕೈಗೆ ವೇಗ ಗೊತ್ತಾಗಲಿ.

ಇನ್ನೊಂದು ಗುಟ್ಟು. ನಮ್ಮ ಕಡೆ ಗೋಲ್ಫ್ ಗೊತ್ತಿಲ್ಲ ಅಂತಾರೆ, ಆದರೆ ಗ್ರೀನಿನ ಹುಲ್ಲು ನಮಗೆ ಗೊತ್ತು. ಬೆಚ್ಚಗಿನ ಊರುಗಳ ಕೋರ್ಸುಗಳಲ್ಲಿ ಹಾಕುವ ಬರ್ಮುಡಾ ಹುಲ್ಲು ಅಂದರೆ ನಮ್ಮ ಕರಿಕಿಯ ಜಾತಿಯೇ. ಗಣಪತಿಗೆ ಇಡುವ ಗರಿಕೆ. ಹೊಲದಲ್ಲಿ ಅದನ್ನು ಕಿತ್ತು ಕಿತ್ತು ನನ್ನ ಕೈ ಸವೆದಿತ್ತು, ಬೆಂಗಳೂರಿಗೆ ಹೋದರೆ ಅದನ್ನೇ ಕತ್ತರಿಸಿ ಚಾಪೆ ಮಾಡಿದ್ದರು! ಕರಿಕಿ ನೆಟ್ಟಗೆ ಬೆಳೆಯಲ್ಲ, ಒಂದು ಕಡೆಗೆ ಮಲಗಿ ಹರಿಯುತ್ತೆ. ಅದು ಹರಿಯುವ ಕಡೆಗೆ ಪಟ್ ಮಾಡಿದರೆ ಚೆಂಡು ಓಡುತ್ತೆ, ಎದುರಿಗೆ ಮಾಡಿದರೆ ತಡೆಯುತ್ತೆ. ನಿನ್ನ ಮುಂದೆ ಹುಲ್ಲು ಹೊಳೆಯುತ್ತಿದ್ದರೆ ಅದು ನಿನ್ನಿಂದ ಆಚೆಗೆ ಮಲಗಿದೆ. ಕಪ್ಪಗೆ ಕಂಡರೆ ನಿನ್ನ ಕಡೆಗೆ. ಹೊಳೆಯೋದು ಕಾಣದಿದ್ದರೆ ಹೋಲಿನ ಬಾಯಿ ಹತ್ತಿರ ಬಗ್ಗಿ ನೋಡು. ಒಂದು ಅಂಚು ಚೂರಿಯಿಂದ ಕೊಯ್ದ ಹಾಗೆ ಇರುತ್ತೆ. ಎದುರಿನ ಅಂಚು ಸ್ವಲ್ಪ ಹರಿದು, ಕಂದು ಬಣ್ಣಕ್ಕೆ ತಿರುಗಿರುತ್ತೆ. ಹುಲ್ಲು ಹರಿಯುವುದು ಆ ಹರಿದ ಅಂಚಿನ ಕಡೆಗೆ.

ಸಿರುಗುಪ್ಪದಲ್ಲಿ ಏನು ಮಾಡಬಹುದು ಅಂದೆ. ಬೇಕಾದಷ್ಟು ಮಾಡಬಹುದು. ಭತ್ತದ ಕೂಳೆ ನಿನ್ನ ರಫ್. ಅದರಿಂದ ವೆಜ್‌ನಲ್ಲಿ ಚೆಂಡು ಎತ್ತೋಕೆ ಬಂದರೆ ಯಾವ ಕೋರ್ಸಿನ ರಫ್ ಕೂಡ ಮೆತ್ತಗೆ ಅನ್ನಿಸುತ್ತೆ. ಬೇವಿನ ಮರ, ಜಾಲಿ ಗಿಡ ಇದ್ದರೆ ಅದರ ಕೆಳಗೆ ಚೆಂಡಿಟ್ಟು ಅಡ್ಡಕ್ಕೆ ತೆಗೆ. ತಗ್ಗಾಗಿ, ಕೊಂಬೆಗೆ ತಾಗದ ಹಾಗೆ, ಮೂವತ್ತು ಗಜ. ಚೆಂಡು ಬಲಗಾಲಿನ ಕಡೆ ಇಟ್ಟುಕೋ, ಅರ್ಧ ಬೀಸು. ಆದರೆ ಎಲ್ಲಕ್ಕಿಂತ ಮುಖ್ಯ ಇದು: ಪ್ರತಿ ಹೊಡೆತಕ್ಕೂ ಮುಂಚೆ ಚೀಲ ಕೆಳಗಿಡು. ಚೀಲದ ಪಕ್ಕ ನಿಂತು, ಎಲ್ಲಿಗೆ ಹೊಡೆಯುತ್ತೀ, ತಪ್ಪಿದರೆ ಎಲ್ಲಿ ಬಿದ್ದರೂ ಪರವಾಗಿಲ್ಲ, ಈ ಎರಡನ್ನು ಗಟ್ಟಿಯಾಗಿ ಹೇಳು. ಆಮೇಲೆ ಕ್ಲಬ್ ತೆಗೆ. ಆ ಮಾತು ಹೇಳುವಾಗ ನೀನು ಕ್ಯಾಡಿ. ಕ್ಲಬ್ ಕೈಗೆ ಬಂದ ಮೇಲೆ ಆಟಗಾರ್ತಿ.

---

ಸಿರುಗುಪ್ಪದವಳು:

ಅಣ್ಣಾ, ಓದಿ ಕಣ್ಣಲ್ಲಿ ನೀರು ಬಂತು. ಹೋಲಿಗೊಂದು ಬೋಗಿ ಅನ್ನೋದನ್ನ ನಾನು ಲೆಕ್ಕವೇ ಹಾಕಿರಲಿಲ್ಲ. ರಫ್‌ನಲ್ಲಿ ತಗೊಂಡಿದ್ದು 5 ವುಡ್, ಉದ್ದದ ಕ್ಲಬ್ಬೇ. ನೀವು ಹೇಳಿದ್ದು ಸರಿ.

ಒಂದು ಅನುಮಾನ, ಬೇಜಾರು ಮಾಡಿಕೊಳ್ಳಬೇಡಿ. ಹಾಕಿಯಲ್ಲಿ ನಾನು ಫಾರ್ವರ್ಡ್. ಚೆಂಡು ಸಿಕ್ಕರೆ ಮುಂದೆ ನುಗ್ಗಬೇಕು ಅಂತಲೇ ಕಲಿತವಳು. ಅಡ್ಡಕ್ಕೆ ಹೊಡೆಯೋದು, ಡ್ರೈವರ್ ಬಿಡೋದು, ಪಿನ್ ನೋಡದೇ ಇರೋದು, ಇದೆಲ್ಲ ಹೆದರಿ ಆಡಿದ ಹಾಗೆ ಆಗಲ್ವಾ? ಹಾಗೆ ಆಡಿ ಗೆಲ್ಲೋಕೆ ಆಗುತ್ತಾ?

---

ಗಂಗಾವತಿ ಪಿಇ ಮೇಷ್ಟ್ರು:

ನಾನು ಗಾಲ್ಫ್ ಆಡಿದವನಲ್ಲ, ಓಟದ ಮಕ್ಕಳನ್ನು ತಯಾರು ಮಾಡುವವನು. ಒಂದೇ ವಿಷಯ ಕೇಳುತ್ತೇನಮ್ಮ. 16ನೇ ಹೋಲ್ ಹೊತ್ತಿಗೆ ನೀನು ಎಷ್ಟು ಗಂಟೆಯಿಂದ ನಡೆಯುತ್ತಿದ್ದೆ? ನಾಲ್ಕು ಗಂಟೆಗಿಂತ ಜಾಸ್ತಿ ಇರಬೇಕು. ಅದೂ ಚೀಲ ಹೊತ್ತು, ಏಳೆಂಟು ಕಿಲೋಮೀಟರ್ ದಾಟಿ. ಬೆಳಿಗ್ಗೆ ಏನು ತಿಂದಿದ್ದೆ? ಮೂರು ಪಟ್ ಆದದ್ದು ಕಾಲು ಸೋತಾಗ. ಓಟದಲ್ಲೂ ಹಾಗೇ, ಕಾಲು ಸೋತರೆ ತಲೆ ತಪ್ಪು ತೀರ್ಮಾನ ಮಾಡುತ್ತೆ.

ಚೀಲದಲ್ಲಿ ಶೇಂಗಾ ಚಿಕ್ಕಿ, ಎರಡು ಬಾಳೆಹಣ್ಣು ಇರಲಿ. ಹಸಿವಾದ ಮೇಲೆ ತಿನ್ನುವುದಲ್ಲ, ಮೂರು ನಾಲ್ಕು ಹೋಲಿಗೊಮ್ಮೆ ಸ್ವಲ್ಪ ಸ್ವಲ್ಪ. ನೀರೂ ಹಾಗೇ. ರಜೆಯಲ್ಲಿ ದಿನಾ ಚೀಲ ಹೊತ್ತು ಕಾಲುವೆ ದಂಡೆಯ ಮೇಲೆ ಎರಡು ಗಂಟೆ ನಡಿ. ಅಲ್ಲಿ ಚೆಂಡು ಹೊಡೆಯಬೇಕಿಲ್ಲ.

---

ಮುದಗಲ್ ಹಳೇ ಕ್ಯಾಡಿ:

ಮೇಷ್ಟ್ರು ಹೇಳಿದ್ದು ಪೂರ್ತಿ ಸರಿ. ನಾವು ಕ್ಯಾಡಿಗಳೂ 13ನೇ ಹೋಲ್ ದಾಟಿದ ಮೇಲೆ "ಸರ್, ಸ್ವಲ್ಪ ನೀರು" ಅಂತ ನೆನಪಿಸುತ್ತಿದ್ದೆವು.

ತಂಗಿ, ಬೇಜಾರು ಯಾಕೆ, ಕೇಳಬೇಕಾದ ಮಾತನ್ನೇ ಕೇಳಿದೆ. ಗುರುಗ್ರಾಮದ ಡಿಎಲ್‌ಎಫ್‌ನಲ್ಲಿ ಹೆಸರಾಂತ ಆಟಗಾರ ಗ್ಯಾರಿ ಪ್ಲೇಯರ್ ಕಟ್ಟಿದ ಕೋರ್ಸ್ ಇದೆ. ದೇಶದಲ್ಲೇ ಬಹಳ ಕಷ್ಟದ್ದು ಅಂತ ಹೆಸರು. 2019ರ ಹೀರೋ ಇಂಡಿಯನ್ ಓಪನ್ ಅಲ್ಲೇ ನಡೆಯಿತು. ಕ್ಯಾಡಿಗಳ ಕೋಣೆಯ ಟಿವಿ ಮುಂದೆ ನಾವೆಲ್ಲ ಕೂತಿದ್ದೆವು. ಸ್ಕಾಟ್ಲೆಂಡಿನ ಸ್ಟೀಫನ್ ಗ್ಯಾಲಕರ್ ಕೊನೇ ದಿನ 7ನೇ ಹೋಲ್‌ನಲ್ಲಿ 8 ಹೊಡೆದರು. ಪಾರ್ 4 ಅದು. ನಿನ್ನ 9ಕ್ಕಿಂತ ಒಂದೇ ಕಮ್ಮಿ. ಮುಗಿಯಿತು ಬಿಡು ಅಂದುಕೊಂಡೆವು. ಅವರು ಆ 8ನ್ನು ಅಲ್ಲೇ ಬಿಟ್ಟು ಮುಂದಿನ ಟೀಗೆ ನಡೆದರು. ಒಂದು ಹೊಡೆತದಿಂದ ಪಂದ್ಯ ಗೆದ್ದರು. ಹೆದರಿದವರು ಹಾಗೆ ಗೆಲ್ಲಲ್ಲ, ನುಗ್ಗುವವರೂ ಹಾಗೆ ಗೆಲ್ಲಲ್ಲ.

ಇನ್ನು ದೂರದ ಮಾತು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು, 2021ರ ಆಗಸ್ಟ್‌ನಲ್ಲಿ. ಒಂದೇ ಒಂದು ಹೊಡೆತ ಕಮ್ಮಿ ಆಗಿದ್ದರೆ ಪದಕಕ್ಕೆ ಪ್ಲೇ ಆಫ್ (ಸಮ ಆದವರ ನಡುವಿನ ಆಟ) ಆಡುತ್ತಿದ್ದರು. ಅಲ್ಲಿ ಆಡಿದವರಲ್ಲಿ ಅವರ ಡ್ರೈವ್ ಬಹಳ ಚಿಕ್ಕದು. ಅವರನ್ನು ಅಷ್ಟು ಮೇಲೆ ತಂದದ್ದು ಪಟ್. ನಾನು ಮುದಗಲ್ಲಿನ ಮನೆಯಲ್ಲಿ ಬೆಳಿಗ್ಗೆ ಅಂಗಡಿ ತೆಗೆಯದೇ ಕೂತು ನೋಡಿದೆ.

ನಿನಗೆ ನುಗ್ಗೋಕೆ ಜಾಗ ಇದೆ. ಫೇರ್‌ವೇ ಮೇಲೆ ಚೆಂಡು ಚೆನ್ನಾಗಿ ಕೂತಿದೆ, ಕೈಯಲ್ಲಿ 9 ಐರನ್, ಪಿನ್ ನಡುವೆ ಇದೆ, ನೀರಿಲ್ಲ. ಆಗ ಹಾಕಿಯವಳಾಗು, ಪಿನ್ನಿಗೇ ಹೊಡಿ. 18 ಹೋಲಿನಲ್ಲಿ ಅಂಥ ಜಾಗ ನಾಲ್ಕೈದು ಸಿಗುತ್ತವೆ. ಯಾವುವು ಅಂತ ಹಿಂದಿನ ರಾತ್ರಿಯೇ ಕಾರ್ಡ್ ಮೇಲೆ ಗುರುತು ಹಾಕು.

---

ಸಿರುಗುಪ್ಪದವಳು:

ಮೂರು ದಿನ ಆಯಿತು, ಮಾಡಿದ್ದು ಹೇಳಬೇಕು ಅನ್ನಿಸಿತು.

ನಮ್ಮ ಗದ್ದೆಯ ಬದುವಿನಲ್ಲಿ ಎರಡು ಬೇವಿನ ಮರ ಇವೆ, ನಡುವೆ ಒಂದು ಸಂದಿ, 4ನೇ ಹೋಲ್ ನೆನಪಾಗುವ ಹಾಗೇ. ತಮ್ಮ ಮೂವತ್ತು ಗಜ ಪಕ್ಕದಲ್ಲಿ ಒಂದು ಒದ್ದೆ ಟವೆಲ್ ಹಾಸಿ ನಿಂತ. ಮೊದಲ ದಿನ ಹತ್ತರಲ್ಲಿ ಮೂರು ಚೆಂಡು ಟವೆಲ್ ಹತ್ತಿರ ಹೋದವು. ಇವತ್ತು ಏಳು. ಕೂಳೆಯಿಂದ ವೆಜ್ ಹೊಡೆದು ಮಣಿಕಟ್ಟು ನೋಯುತ್ತಿದೆ. ಆದರೆ ಚೆಂಡು ಹೊರಗೆ ಬರುತ್ತಿದೆ. ಚೀಲದ ಪಕ್ಕ ನಿಂತು ಗಟ್ಟಿಯಾಗಿ ಹೇಳೋಕೆ ಮೊದಲು ನಾಚಿಕೆ ಆಯಿತು. ಈಗ ತಮ್ಮ ಅಲ್ಲಿಂದಲೇ "ತಪ್ಪಿದರೆ ಎಲ್ಲಿ ಬೀಳಬೇಕು ಅಕ್ಕಾ, ಹೇಳು" ಅಂತ ಕೂಗುತ್ತಾನೆ. ಅಪ್ಪ ಸಂಜೆ ಬಂದು ಬದುವಿನ ಮೇಲೆ ಕೂತು ನೋಡುತ್ತಾರೆ.

ಹ್ಯಾಂಡಿಕ್ಯಾಪ್ ಲೆಕ್ಕ ಹೇಳಿದ ಸರ್‌ಗೆ ಥ್ಯಾಂಕ್ಸ್. ಸ್ಕೋರ್ ಕಾರ್ಡ್ ಹುಡುಕಿ ನೋಡಿದೆ, ಸ್ಲೋಪ್ 134. ಮೇಷ್ಟ್ರೇ, ಅವತ್ತು ಬೆಳಿಗ್ಗೆ ತಿಂದದ್ದು ಎರಡು ಬಿಸ್ಕೆಟ್, ಅಷ್ಟೇ.

ಅಣ್ಣಾ, ಕಾಲುವೆ ದಂಡೆಯಲ್ಲಿ ಕರಿಕಿ ಚೆನ್ನಾಗಿ ಬೆಳೆದಿದೆ. ನಾಳೆ ಬೆಳಿಗ್ಗೆ ಹೋಗಿ ಹೊಳೆಯೋದು, ಕಪ್ಪಾಗೋದು ನೋಡಬೇಕು ಅಂತಿದ್ದೀನಿ. ಬಿಸಿಲು ಬರೋಕೆ ಮುಂಚೆ ಹೋಗಲಾ, ಬಂದ ಮೇಲಾ?

---

ಮುದಗಲ್ ಹಳೇ ಕ್ಯಾಡಿ:

ಬಂದ ಮೇಲೆ. ಇಬ್ಬನಿ ಆರಲಿ. ಸೂರ್ಯನಿಗೆ ಬೆನ್ನು ಕೊಟ್ಟು ಒಂದು ಸಲ ನೋಡು, ಎದುರಾಗಿ ನಿಂತು ಒಂದು ಸಲ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಅಂಗೈ ಸವರು, ಹುಲ್ಲು ಯಾವ ಕಡೆ ಚುಚ್ಚುತ್ತೆ ಅಂತ. ಅದು ಬರೀ ಕಲಿಯೋಕೆ. ಪಂದ್ಯದಲ್ಲಿ ಗ್ರೀನ್ ಮೇಲೆ ಕೈಯಿಂದ ಉಜ್ಜಿ ಪರೀಕ್ಷೆ ಮಾಡಬೇಡ, ದಂಡ ಬೀಳುತ್ತೆ. ಅಲ್ಲಿ ಕಣ್ಣು ಮಾತ್ರ.